ಎಂಟೂವರೆ ನಿಮಿಷದಲ್ಲಿ ನೋಡಬೇಕಾದ್ದು, ಮಂಗಳಕ್ಕೆ ಲೆಕ್ಕ ಹಾಕಬೇಕಾದ್ದು

ಮುಂಬಯಿ-ಪುಣೆಯ ನಮ್ಮ ಕನ್ನಡದವರಲ್ಲಿ ರಾಕೆಟ್ ಹುಚ್ಚಿನವರು ಕಡಿಮೆ ಇಲ್ಲ. ಆದರೆ ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್ 9 ರಾಕೆಟ್ಟಿನ ಲೈವ್ ಹಚ್ಚಿದವರಲ್ಲಿ ಬಹಳ ಮಂದಿ ಕಣ್ಣಿಟ್ಟು ನೋಡುವುದು ಎರಡೇ ಗಳಿಗೆ: ಬೆಂಕಿ ಉಗುಳಿ ಮೇಲೇಳುವುದು, ಆಮೇಲೆ ಕಾಲು ಚಾಚಿ ಹಡಗಿನ ಮೇಲೆ ಇಳಿಯುವುದು. ನಡುವಿನ ಆರು ನಿಮಿಷ ಚಹಾಕ್ಕೆ ಹೋಗುತ್ತದೆ. ಮನುಷ್ಯರನ್ನು ಮಂಗಳಕ್ಕೆ ಇಳಿಸುವ ಯೋಜನೆಯ ದೃಷ್ಟಿಯಿಂದ ಎಲ್ಲಕ್ಕಿಂತ ಮುಖ್ಯವಾದ ಇಪ್ಪತ್ತು ಸೆಕೆಂಡು ಇರುವುದು ಆ ಆರು ನಿಮಿಷದೊಳಗೆ. ಯಾವ ಅಂಕಿ ನೋಡಬೇಕು, ಏನು ಕೆಡುತ್ತದೆ, ಯಾಕೆ ಕೆಡುತ್ತದೆ, ಮಂಗಳಕ್ಕೆ ಇನ್ನೆಷ್ಟು ಕೆಲಸ ಬಾಕಿ ಇದೆ ಎಂಬುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಗಡಿಯಾರದ ವಿಷಯ. ಅಮೆರಿಕದಲ್ಲಿ ಮಾರ್ಚ್ ತಿಂಗಳ ಎರಡನೇ ಭಾನುವಾರ ಗಡಿಯಾರವನ್ನು ಒಂದು ತಾಸು ಮುಂದಕ್ಕೆ ತಿರುಗಿಸುತ್ತಾರೆ, ನವೆಂಬರಿನ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ಹಾಗಾಗಿ ಫ್ಲೋರಿಡಾದ ಸಮಯಕ್ಕೆ ಬೇಸಿಗೆಯಲ್ಲಿ ಒಂಬತ್ತೂವರೆ ತಾಸು ಸೇರಿಸಬೇಕು, ಚಳಿಗಾಲದಲ್ಲಿ ಹತ್ತೂವರೆ. ಟೆಕ್ಸಾಸಿಗೆ ಹತ್ತೂವರೆ ಮತ್ತು ಹನ್ನೊಂದೂವರೆ, ಕ್ಯಾಲಿಫೋರ್ನಿಯಾಕ್ಕೆ ಹನ್ನೆರಡೂವರೆ ಮತ್ತು ಹದಿಮೂರೂವರೆ. ಈ ಗೋಜು ಬೇಡವೆಂದರೆ ಯುಟಿಸಿ ಎಂಬ ಜಾಗತಿಕ ಪ್ರಮಾಣ ಸಮಯ ಹುಡುಕಿ ಐದೂವರೆ ತಾಸು ಕೂಡಿಸಿದರೆ ಸಾಕು, ಅದು ವರ್ಷವಿಡೀ ಬದಲಾಗುವುದಿಲ್ಲ. ಅದೇ ಕಂಪನಿಯ ದೊಡ್ಡ ರಾಕೆಟ್ ಸ್ಟಾರ್‌ಶಿಪ್ 2024ರ ಜೂನ್ 6 ಮತ್ತು ಅಕ್ಟೋಬರ್ 13ರಂದು ಹಾರಿದ್ದು ನಮ್ಮ ಸಂಜೆಯ ಆರರ ಆಚೀಚೆ. ಆ ವರ್ಷದ ನವೆಂಬರ್ ಹಾರಾಟದಿಂದೀಚೆಗೆ ಟೆಕ್ಸಾಸಿನ ಇಳಿಹೊತ್ತನ್ನೇ ಆರಿಸಿಕೊಳ್ಳುತ್ತಿದ್ದಾರೆ, ಹಾಗಾಗಿ ನಮಗದು ಬೆಳಗಿನ ಜಾವ. 2025ರ ಆಗಸ್ಟ್ ಮತ್ತು ಅಕ್ಟೋಬರ್ ಹಾರಾಟಗಳೆರಡೂ ಇಲ್ಲಿಯ ಐದು ಗಂಟೆಯ ಸುಮಾರಿಗೆ ನಡೆದವು. ಹೊರಟು ಒಂದು ತಾಸು ಐದಾರು ನಿಮಿಷಕ್ಕೆ ಅದರ ಮೇಲಿನ ಹಂತವಾದ ಶಿಪ್ ಹಿಂದೂ ಮಹಾಸಾಗರಕ್ಕೆ ಇಳಿಯುತ್ತದೆ. ಡೊಂಬಿವಿಲಿಯಿಂದ ಏಳರ ಲೋಕಲ್ ಹಿಡಿಯುವವರೂ ಪೂರ್ತಿ ನೋಡಿಯೇ ಹೊರಡಬಹುದು.

ಫಾಲ್ಕನ್ 9ರಲ್ಲಿ ಟಿ-ಮೈನಸ್ 35 ನಿಮಿಷ, ಅಂದರೆ ಹಾರಲು 35 ನಿಮಿಷ ಬಾಕಿ ಇರುವ ಗಳಿಗೆ, ಎಂಬುದನ್ನು ನೆನಪಿಡಿ. ಸೀಮೆಎಣ್ಣೆಯ ಜಾತಿಯ ಇಂಧನವೂ ದ್ರವ ಆಮ್ಲಜನಕವೂ ಆಗ ತುಂಬಲು ಶುರುವಾಗುತ್ತವೆ. ಇಲ್ಲಿ ಬಳಸುವ ಆಮ್ಲಜನಕ ಕುದಿಯುವ ಬಿಂದುವಿಗಿಂತ ತೀರ ಕೆಳಗೆ, ಸುಮಾರು ಮೈನಸ್ 207 ಡಿಗ್ರಿಗೆ ತಣಿಸಿದ್ದು. ಹೀಗೆ ತಣಿಸಿದರೆ ಅದು ಗಟ್ಟಿಯಾಗಿ, ಅದೇ ಟ್ಯಾಂಕಿನಲ್ಲಿ ಹೆಚ್ಚು ಟನ್ನು ಹಿಡಿಯುತ್ತದೆ. ಕುಳಿತರೆ ಬಿಸಿಯಾಗಿ ಹಿಗ್ಗುತ್ತದೆ. ಆದ್ದರಿಂದಲೇ ತುಂಬಲು ಶುರುವಾದ ಮೇಲೆ ಕೌಂಟ್‌ಡೌನ್ ನಿಂತರೆ ನಿಂತಲ್ಲಿಂದ ಮುಂದುವರಿಸಲು ಬರುವುದಿಲ್ಲ. ತುಂಬಿದ್ದನ್ನು ಖಾಲಿ ಮಾಡಿ ಮತ್ತೆ ಮೊದಲಿನಿಂದ ಬರಬೇಕು, ಹಾರಲು ಗೊತ್ತುಮಾಡಿದ ಅವಧಿ (ವಿಂಡೋ) ಚಿಕ್ಕದಿದ್ದರೆ ಅವತ್ತಿನ ಕೆಲಸ ಮುಗಿಯಿತು. ಸ್ಟಾರ್‌ಶಿಪ್ ಟಿ-ಮೈನಸ್ 40 ಸೆಕೆಂಡಿನಲ್ಲಿ ಸ್ವಲ್ಪ ಹೊತ್ತು ನಿಲ್ಲಬಲ್ಲದು, ಆದ್ದರಿಂದ ಅಲ್ಲಿ ಗಡಿಯಾರ ನಿಂತ ಕೂಡಲೇ ಹಾಸಿಗೆಗೆ ಹಿಂದಿರುಗಬೇಡಿ.

ಮೇಲೆದ್ದ ಮೇಲೆ ಸುಮಾರು ಎರಡೂವರೆ ನಿಮಿಷಕ್ಕೆ ಮೊದಲ ಹಂತದ ಒಂಬತ್ತು ಮರ್ಲಿನ್ ಎಂಜಿನ್‌ಗಳು ಆರುತ್ತವೆ. ಸ್ಟಾರ್‌ಲಿಂಕ್ ಉಪಗ್ರಹ ಹೊತ್ತ ಹಾರಾಟದಲ್ಲಿ ಆಗ ಪರದೆಯ ಮೇಲೆ ಗಂಟೆಗೆ ಎಂಟು ಸಾವಿರ ಕಿಲೋಮೀಟರಿನ ಆಸುಪಾಸು ಕಾಣುತ್ತದೆ, ಎತ್ತರ 65ರಿಂದ 70 ಕಿ.ಮೀ. ಕಕ್ಷೆಗೆ ಬೇಕಾದ್ದು 27 ಸಾವಿರ. ಬಾಕಿ ವೇಗವನ್ನೆಲ್ಲ ಕೊಡುವುದು ಒಂದೇ ಎಂಜಿನ್ನಿನ ಎರಡನೇ ಹಂತ, ಮತ್ತು ಆ ಹಂತ ಮರಳಿ ಬರುವುದಿಲ್ಲ. ಫಾಲ್ಕನ್ 9 ಪೂರ್ತಿ ಮರುಬಳಕೆಯ ರಾಕೆಟ್ ಎಂದು ಪತ್ರಿಕೆಗಳಲ್ಲಿ ಓದಿದಾಗಲೆಲ್ಲ ಇದನ್ನು ನೆನಪಿಸಿಕೊಳ್ಳಿ.

ಇಲ್ಲಿಂದ ಎಡಗಡೆಯ ಚಿತ್ರದಿಂದ ಕಣ್ಣು ತೆಗೆಯಬೇಡಿ. ಕಳಚಿಕೊಂಡ ಮೊದಲ ಹಂತ, ಅಂದರೆ ಬೂಸ್ಟರ್, ಹೊರಳಿ ಬುಡ ಮುಂದೆ ಮಾಡಿಕೊಂಡು ನೂರು ಕಿಲೋಮೀಟರ್ ಮೀರಿ ಏರಿ ಬೀಳತೊಡಗುತ್ತದೆ. ಆರು ನಿಮಿಷ ದಾಟಿದ ಮೇಲೆ, ಅರವತ್ತು ಕಿಲೋಮೀಟರಿನ ಹತ್ತಿರ, ಮೂರು ಎಂಜಿನ್ ಹೊತ್ತಿಕೊಂಡು ಇಪ್ಪತ್ತು ಸೆಕೆಂಡಿನಷ್ಟು ಉರಿಯುತ್ತವೆ. ವೇಗ ಗಂಟೆಗೆ ಎರಡು ಸಾವಿರ ಕಿಲೋಮೀಟರಿನಷ್ಟು ಇಳಿಯುತ್ತದೆ. ಇದೇ ಎಂಟ್ರಿ ಬರ್ನ್. ಧ್ವನಿಗಿಂತ ಹಲವು ಪಟ್ಟು ವೇಗದಲ್ಲಿ, ಎದುರು ನುಗ್ಗುವ ಗಾಳಿಯೊಳಕ್ಕೇ ಎಂಜಿನ್ ಉರಿಸಿ ತಡೆಯುವ ಈ ಕೆಲಸ ಸಾಧ್ಯವೇ, ಜ್ವಾಲೆ ಅಲುಗಾಡಿ ರಾಕೆಟ್ಟನ್ನೇ ಮಗುಚುತ್ತದೆಯೇ ಎಂಬ ಅನುಮಾನ ಹಿಂದೆ ತಜ್ಞರಿಗೂ ಇತ್ತು. 40ರಿಂದ 70 ಕಿ.ಮೀ. ಎತ್ತರದ ನಮ್ಮ ತೆಳು ಗಾಳಿ ಮಂಗಳದ ವಾತಾವರಣಕ್ಕೆ ಹತ್ತಿರದ್ದು. ಆದ್ದರಿಂದಲೇ ನಾಸಾ 2014ರ ಸೆಪ್ಟೆಂಬರಿನಲ್ಲಿ ವಿಮಾನದಿಂದ ಇನ್‌ಫ್ರಾರೆಡ್ ಕ್ಯಾಮೆರಾ ಹಿಡಿದು ಬೀಳುತ್ತಿದ್ದ ಬೂಸ್ಟರಿನ ಚಿತ್ರ ತೆಗೆಯಿತು. ಚಹಾಕ್ಕೆ ಹೋದವರು ತಪ್ಪಿಸಿಕೊಳ್ಳುವುದು ಮಂಗಳದಲ್ಲಿ ಇಳಿಯುವ ತಾಲೀಮನ್ನು.

ಕೊನೆಯ ಇಳಿತ ಎಂಟು ನಿಮಿಷ ದಾಟಿದ ಮೇಲೆ, ಒಂದೇ ಎಂಜಿನ್ನಿನಲ್ಲಿ. ಖಾಲಿ ಬೂಸ್ಟರ್ ಸುಮಾರು 25 ಟನ್. ಮರ್ಲಿನ್ನಿನ ನೂಕು ಸುಮಾರು 86 ಟನ್, ಶೇಕಡಾ 40ಕ್ಕೆ ತಗ್ಗಿಸಿದರೂ 34 ಟನ್. ಅಂದರೆ ಎಷ್ಟು ತಗ್ಗಿಸಿದರೂ ನೂಕು ತೂಕಕ್ಕಿಂತ ಹೆಚ್ಚೇ. ಗಾಳಿಯಲ್ಲಿ ತೇಲಿ ನಿಂತು ಜಾಗ ಸರಿಮಾಡಿಕೊಳ್ಳಲು ಆಗದು, ಬೇಗ ಹೊತ್ತಿಸಿದರೆ ಹಡಗು ಮುಟ್ಟುವ ಮೊದಲೇ ಗಾಳಿಯಲ್ಲಿ ನಿಂತು ಮತ್ತೆ ಏರತೊಡಗುತ್ತದೆ, ತಡವಾದರೆ ಅಪ್ಪಳಿಸುತ್ತದೆ. ವೇಗ ಸೊನ್ನೆಯಾಗುವುದೂ ಎತ್ತರ ಸೊನ್ನೆಯಾಗುವುದೂ ಒಂದೇ ಕ್ಷಣಕ್ಕೆ ಬರಬೇಕು.

ಇದು ಕೈಗೂಡಲು ತೆತ್ತ ಬೆಲೆಯ ಪಟ್ಟಿ ಓದಿದರೆ ಎಂಜಿನಿಯರಿಂಗ್ ಎಂದರೇನೆಂದು ತಿಳಿಯುತ್ತದೆ. 2015ರ ಜನವರಿಯಲ್ಲಿ ಗ್ರಿಡ್ ಫಿನ್ ಎಂಬ ಜಾಲರಿಯಂಥ ರೆಕ್ಕೆಗಳನ್ನು ತಿರುಗಿಸುವ ಹೈಡ್ರಾಲಿಕ್ ದ್ರವ ಹಡಗು ಮುಟ್ಟುವ ಮೊದಲೇ ಮುಗಿಯಿತು. ಏಪ್ರಿಲಿನಲ್ಲಿ ಎಂಜಿನ್ನಿನ ನೂಕು ಹೆಚ್ಚುಕಡಿಮೆ ಮಾಡುವ ಥ್ರಾಟಲ್ ಕವಾಟ ಅಂಟಿಕೊಂಡು ಆಜ್ಞೆಗೆ ತಡವಾಗಿ ಓಗೊಟ್ಟಿತು, ಬೂಸ್ಟರ್ ಓಲಾಡಿ ಬಿತ್ತು. ಡಿಸೆಂಬರಿನಲ್ಲಿ ಫ್ಲೋರಿಡಾದ ನೆಲದ ಮೇಲೆ ಮೊದಲ ಸಲ ಸರಿಯಾಗಿ ನಿಂತಿತು. 2016ರ ಜನವರಿಯಲ್ಲಿ ಮೃದುವಾಗಿ ಇಳಿದರೂ ಒಂದು ಕಾಲಿನ ಚಿಲಕ ಕೂರಲಿಲ್ಲ, ಮಂಜಿನಿಂದ ಕಟ್ಟಿದ ಹಿಮ ಕಾರಣ ಎಂದು ಸ್ಪೇಸ್‌ಎಕ್ಸ್ ಶಂಕಿಸಿತು. ಏಪ್ರಿಲಿನಲ್ಲಿ ಹಡಗಿನ ಮೇಲೆ ಮೊದಲ ಯಶಸ್ಸು, 2017ರ ಮಾರ್ಚಿನಲ್ಲಿ ಹಾರಿದ ಬೂಸ್ಟರನ್ನೇ ಮತ್ತೆ ಹಾರಿಸಿದ್ದು. 2018ರ ಫೆಬ್ರವರಿಯಲ್ಲಿ ಮೂರು ಬೂಸ್ಟರ್ ಜೋಡಿಸಿದ ಫಾಲ್ಕನ್ ಹೆವಿಯ ನಡುವಿನ ಬೂಸ್ಟರಿನಲ್ಲಿ ಕಿಡಿ ಹೊತ್ತಿಸುವ ದ್ರವ ಸಾಲಲಿಲ್ಲ, ಹೊರಗಿನ ಎರಡು ಎಂಜಿನ್ ಹೊತ್ತಲೇ ಇಲ್ಲ, ಬೂಸ್ಟರ್ ಸಮುದ್ರಕ್ಕೆ ಬಡಿಯಿತು. ಈಗ ಒಂದೇ ಬೂಸ್ಟರ್ ಮೂವತ್ತಕ್ಕೂ ಹೆಚ್ಚು ಸಲ ಹಾರಿದೆ. 2025ರ ಮಾರ್ಚಿನಲ್ಲಿ ಒಂದು ಬೂಸ್ಟರ್ ಒಂಬತ್ತೇ ದಿನದ ಅಂತರದಲ್ಲಿ ಮತ್ತೆ ಎದ್ದಿತು.

ಆ ಕಿಡಿಯ ದ್ರವದಿಂದ ನೋಡುಗರಿಗೊಂದು ಗುರುತು ಸಿಗುತ್ತದೆ. ಮರ್ಲಿನ್ ಹೊತ್ತುವಾಗ ಹಸಿರು ಮಿಂಚು ಕಂಡರೆ ಅದು ಸರಿಯಾದ ಲಕ್ಷಣ, ಟಿಇಎ-ಟಿಇಬಿ ಎಂಬ ಆ ದ್ರವದಲ್ಲಿರುವ ಬೋರಾನ್ ಉರಿಯುವ ಬಣ್ಣ ಅದು. ಸ್ಟಾರ್‌ಶಿಪ್ಪಿನ ರ‍್ಯಾಪ್ಟರ್ ಎಂಜಿನ್ ವಿದ್ಯುತ್ ಕಿಡಿಯಿಂದ ಹೊತ್ತುತ್ತದೆ, ಆ ದ್ರವವೇ ಅಲ್ಲಿಲ್ಲ. ಅಲ್ಲಿ ಹಸಿರು ಕಂಡರೆ ಎಂಜಿನ್ನಿನ ಒಳಗಿನ ತಾಮ್ರವೇ ಉರಿಯುತ್ತಿದೆ ಎಂದರ್ಥ.

ಸ್ಟಾರ್‌ಶಿಪ್ಪಿನ ಪ್ರಮಾಣವೇ ಬೇರೆ. ಎತ್ತರ 120 ಮೀಟರಿಗೂ ಹೆಚ್ಚು, ಅಗಲ 9 ಮೀಟರ್, ಬುಡದ ಬೂಸ್ಟರ್ ಸೂಪರ್ ಹೆವಿಯಲ್ಲಿ 33 ಎಂಜಿನ್, ಮೇಲಿನ ಶಿಪ್ಪಿನಲ್ಲಿ 6. ಇಂಧನ ಮೀಥೇನ್. ಮಂಗಳದಲ್ಲಿ ತಯಾರಿಸಬಹುದಾದ ಇಂಧನವೆಂದೇ ಅದನ್ನು ಆರಿಸಿದ್ದು. 2024ರ ಅಕ್ಟೋಬರ್ 13ರಂದು ಹಿಂದಿರುಗಿದ ಬೂಸ್ಟರನ್ನು ಉಡಾವಣಾ ಗೋಪುರದ ಎರಡು ತೋಳು ಗಾಳಿಯಲ್ಲೇ ಹಿಡಿದವು. ಹದಿಮೂರು ಎಂಜಿನ್‌ಗಳಿಂದ ತಡೆದು ಮೂರಕ್ಕೆ ಇಳಿಸಿಕೊಂಡು ಬರುವ ಸೂಪರ್ ಹೆವಿ, ಫಾಲ್ಕನ್ನಿನಂತಲ್ಲದೆ, ತೇಲಿ ನಿಲ್ಲಬಲ್ಲದು. ಗ್ರಿಡ್ ಫಿನ್ನಿನ ಕೆಳಗಿರುವ ಎರಡು ಗೂಟಗಳ ಮೇಲೆ ಇಡೀ ಭಾರ ಕೂರುತ್ತದೆ. ಕಾಲುಗಳೇ ಬೇಡ, ಆ ತೂಕ ಉಳಿಯಿತು, ಮತ್ತು ಹಾರಿದ ಜಾಗಕ್ಕೇ ಬಂತು.

ಬೂಸ್ಟರಿನ ಮಟ್ಟಿಗೆ ಕೆಲಸ ಬಹುತೇಕ ಗೆದ್ದಂತೆ. ಕಷ್ಟವೆಲ್ಲ ಮೇಲಿನ ಶಿಪ್ಪಿನದು. ಶಿಪ್ ಸ್ಫೋಟಗೊಂಡಾಗ ಬೂಸ್ಟರನ್ನೂ ಗೋಪುರವನ್ನೂ ಒಟ್ಟಿಗೆ ದೂಷಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. 2025ರ ಜನವರಿಯ ಏಳನೇ ಹಾರಾಟದಲ್ಲಿ ಬೂಸ್ಟರನ್ನು ಹಿಡಿದರು. ಶಿಪ್ಪಿನಲ್ಲಿ ನೆಲದ ಪರೀಕ್ಷೆಗಿಂತ ಹಲವು ಪಟ್ಟು ಜೋರಾದ ಕಂಪನ ಹುಟ್ಟಿ ಕೊಳವೆ ಸೋರಿತು, ಎಂಜಿನ್ನುಗಳ ಮೇಲಿನ ಸಂದಿಯಲ್ಲಿ ಬೆಂಕಿ ಹತ್ತಿತು. ಮಾರ್ಚಿನಲ್ಲಿ ಎಂಜಿನ್ ಕೆಟ್ಟು ಶಿಪ್ ಗಿರಗಿರ ತಿರುಗಿತು. ಮೇ ತಿಂಗಳಲ್ಲಿ ಇಂಧನ ಟ್ಯಾಂಕಿನ ಒತ್ತಡ ಕಾಯುವ ಭಾಗ ಸೋರಿ ಹಿಡಿತ ತಪ್ಪಿತು. ಜೂನಿನಲ್ಲಿ ಪರೀಕ್ಷಾ ಸ್ಥಳದಲ್ಲೇ ಸಾರಜನಕದ ಒತ್ತಡದ ಸಿಲಿಂಡರ್ ಒಡೆದು ಶಿಪ್ ಸಿಡಿಯಿತು. ಆಗಸ್ಟ್ ಮತ್ತು ಅಕ್ಟೋಬರಿನಲ್ಲಿ ಕೊನೆತನಕ ಹೋಗಿ ಸಮುದ್ರಕ್ಕೆ ಮೆಲ್ಲನೆ ಇಳಿಯಿತು. ಬಿಡಿಬಿಡಿಯಾಗಿ ನೋಡಿದರೆ ನಾಲ್ಕೂ ಬೇರೆ ಬೇರೆ ರೋಗ, ಆದರೆ ಹೆಚ್ಚಿನವು ಎಂಜಿನ್ ಮತ್ತು ಕೊಳಾಯಿ ಕೆಲಸದಲ್ಲೇ ಇವೆ, ಜನ ಹೆಚ್ಚು ಹೆದರುತ್ತಿದ್ದ ಉಷ್ಣಕವಚದ ಬಿಲ್ಲೆಗಳಲ್ಲಿ ಅಲ್ಲ. ಬಿಲ್ಲೆಗಳು ಸುಮಾರು 18 ಸಾವಿರ. ಸಮುದ್ರದವರೆಗೆ ಬದುಕಿಸುವುದು ಒಂದು ಮಾತು, ರಿಪೇರಿಯಿಲ್ಲದೆ ಮತ್ತೆ ಹಾರಿಸುವುದು ಇನ್ನೊಂದು.

ನಮ್ಮ ಕಡೆಯ ಸುದ್ದಿಯನ್ನೂ ಇದೇ ಕಣ್ಣಿನಿಂದ ನೋಡಿ. ಇಸ್ರೋದ ಮರುಬಳಕೆಯ ರೆಕ್ಕೆಯ ವಾಹನ ಪುಷ್ಪಕ್ ಚಳ್ಳಕೆರೆಯ ಹತ್ತಿರದ ವಾಯು ಪರೀಕ್ಷಾ ನೆಲೆಯಲ್ಲಿ 2023ರ ಏಪ್ರಿಲ್, 2024ರ ಮಾರ್ಚ್ ಮತ್ತು ಜೂನ್ ತಿಂಗಳಲ್ಲಿ ತಾನೇ ಇಳಿಯಿತು. ಚಿನೂಕ್ ಹೆಲಿಕಾಪ್ಟರ್ 4.5 ಕಿ.ಮೀ. ಎತ್ತರದಿಂದ ಬಿಟ್ಟಿತ್ತು. ಮೂರನೆಯ ಸಲ ರನ್‌ವೇ ರೇಖೆಯಿಂದ 500 ಮೀಟರ್ ಪಕ್ಕಕ್ಕೆ ಬಿಟ್ಟರೂ ಸರಿಪಡಿಸಿಕೊಂಡು ಗಂಟೆಗೆ 320 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ನೆಲ ಮುಟ್ಟಿತು. ಇದು ರೆಕ್ಕೆಯ ದಾರಿ. ನಿಂತು ಇಳಿಯುವ ದಾರಿಗೆ ಬರುವುದು ಎನ್‌ಜಿಎಲ್‌ವಿ ಎಂಬ ಇಸ್ರೋದ ಮುಂದಿನ ತಲೆಮಾರಿನ ರಾಕೆಟ್, 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಸಂಪುಟ 8,240 ಕೋಟಿ ರೂಪಾಯಿಗೆ ಒಪ್ಪಿಗೆ ಕೊಟ್ಟದ್ದು. ಭೂಮಿಯ ಕೆಳ ಕಕ್ಷೆಗೆ 30 ಟನ್, ಮೊದಲ ಹಂತ ಮರುಬಳಕೆ, ಅವಧಿ 96 ತಿಂಗಳು. ಇಂದು ಹಾರುತ್ತಿರುವ ವಿಕಾಸ್ ಎಂಜಿನ್ ವಿಕ್ರೋಳಿಯ ಗೋದ್ರೆಜ್ ಕಾರ್ಖಾನೆಯಲ್ಲಿ ತಯಾರಾಗುತ್ತದೆ. ರಾಕೆಟ್ಟಿನ ಮೋಟಾರ್ ಕವಚಗಳು ಪುಣೆ ಜಿಲ್ಲೆಯ ವಾಲಚಂದನಗರದಲ್ಲಿ ಆಗುತ್ತವೆ. ಈ ಕಾರ್ಖಾನೆಗಳ ಕೈಕೆಲಸ ಇದೇ ಮಹಾರಾಷ್ಟ್ರದಲ್ಲಿದೆ ಎಂಬುದು ನಮ್ಮ ಹುಡುಗರಿಗೆ ಹೇಳಬೇಕಾದ ವಿಷಯ.

ಇನ್ನು ಮಂಗಳ. 2017ರಲ್ಲಿ ಅಡಿಲೇಡಿನಲ್ಲಿ ಎಲಾನ್ ಮಸ್ಕ್ 2022ಕ್ಕೆ ಸರಕು, 2024ಕ್ಕೆ ಮನುಷ್ಯರು ಎಂದು ಗುರಿ ಹೇಳಿದ್ದರು. ಇಸವಿಯ ಮೇಲೆ ವಾದಿಸುತ್ತ ಕೂತರೆ ಮುಗಿಯದು. ಟನ್ನಿನ ಲೆಕ್ಕ ಹಾಕಿ.

ಸ್ಟಾರ್‌ಶಿಪ್ಪಿನ ಮೊದಲ ಮಾದರಿಯ ಲೆಕ್ಕ ಹಿಡಿದರೆ ಶಿಪ್ಪಿನ ಟ್ಯಾಂಕ್ ಸುಮಾರು 1,200 ಟನ್. ಕಕ್ಷೆ ಸೇರುವಷ್ಟರಲ್ಲಿ ಅದು ಬರಿದು. ಮಂಗಳಕ್ಕೆ ಹೊರಡಲು ಅದನ್ನು ಕಕ್ಷೆಯಲ್ಲೇ ಮತ್ತೆ ತುಂಬಬೇಕು. ಇಂಧನ ಹೊತ್ತು ಬರುವ ಒಂದು ಟ್ಯಾಂಕರ್ ಶಿಪ್ 100 ಟನ್ ತಂದರೆ ಹನ್ನೆರಡು ಟ್ಯಾಂಕರ್ ಬೇಕು. ಒಂದೊಂದು ಹಾರಾಟಕ್ಕೂ ಬೂಸ್ಟರಿಗೆ 3,400, ಶಿಪ್ಪಿಗೆ 1,200, ಒಟ್ಟು 4,600 ಟನ್. ಆಮ್ಲಜನಕ-ಮೀಥೇನ್ ಪ್ರಮಾಣ 3.6ಕ್ಕೆ 1. ಅಂದರೆ ಹಾರಾಟಕ್ಕೆ 3,600 ಟನ್ ದ್ರವ ಆಮ್ಲಜನಕ, 1,000 ಟನ್ ಮೀಥೇನ್. ಮಂಗಳಕ್ಕೆ ಹೊರಡುವ ಒಂದೇ ಶಿಪ್ಪಿಗೆ, ಅದರದೂ ಸೇರಿ, ಹದಿಮೂರು ಹಾರಾಟ, 46 ಸಾವಿರ ಟನ್ನಿಗೂ ಹೆಚ್ಚು ಆಮ್ಲಜನಕ. ಐದು ಶಿಪ್ ಕಳಿಸಬೇಕೆಂದರೆ ಅರವತ್ತೈದು ಹಾರಾಟ, ಅದೂ ಇಪ್ಪತ್ತಾರು ತಿಂಗಳಿಗೊಮ್ಮೆ ತೆರೆಯುವ, ಮಂಗಳಕ್ಕೆ ಹೊರಡಲು ಅನುಕೂಲವಾದ ಕೆಲವೇ ವಾರಗಳ ಕಿಂಡಿಗೆ ಮುಂಚೆ. ಹೋಲಿಸಲು ಒಂದು ಅಂಕಿ: 2024ರಲ್ಲಿ ಫಾಲ್ಕನ್ ಕುಟುಂಬ ಇಡೀ ವರ್ಷಕ್ಕೆ 134 ಸಲ ಹಾರಿತು, ಮತ್ತು ಅಷ್ಟು ಹಾರಲು ಸಾಧ್ಯವಾದದ್ದೇ ಮರುಬಳಕೆಯಿಂದ.

ಟ್ಯಾಂಕರುಗಳು ತಡವಾದರೆ ಮೊದಲು ತಂದದ್ದು ಆವಿಯಾಗಿ ಹೋಗುತ್ತದೆ, ಇನ್ನೊಂದು ಟ್ಯಾಂಕರ್ ಬೇಕಾಗುತ್ತದೆ, ಅದಕ್ಕೂ ಕಾಯುವಾಗ ಮತ್ತಷ್ಟು ಆವಿ. ತೂಕವಿಲ್ಲದ ಕಡೆ ದ್ರವ ಟ್ಯಾಂಕಿನ ತಳದಲ್ಲಿ ಕೂರುವುದಿಲ್ಲ, ಗುಂಡಗೆ ತೇಲುತ್ತದೆ. ಕೊಳವೆಗೆ ದ್ರವವೇ ಬರಬೇಕು, ಅನಿಲ ಬರಬಾರದು ಎಂದರೆ ಜೋಡಿಯಾದ ಎರಡೂ ಶಿಪ್‌ಗಳನ್ನು ಸಣ್ಣ ನೂಕಿನಿಂದ ಸತತ ತಳ್ಳುತ್ತಿರಬೇಕು. 2024ರ ಮಾರ್ಚಿನ ಮೂರನೇ ಹಾರಾಟದಲ್ಲಿ ಒಂದೇ ಶಿಪ್ಪಿನೊಳಗೆ ಒಂದು ಟ್ಯಾಂಕಿನಿಂದ ಇನ್ನೊಂದಕ್ಕೆ ದ್ರವ ಸಾಗಿಸುವ ಸಣ್ಣ ಪರೀಕ್ಷೆ ನಡೆಯಿತು. ಎರಡು ಶಿಪ್‌ಗಳ ನಡುವಿನ ಪರೀಕ್ಷೆ ನಡೆದಾಗ ಜೋಡಣೆಯ ಚೆಂದದ ವಿಡಿಯೋಗಿಂತ ಮೂರು ವಿಷಯ ಹುಡುಕಿ: ಎಷ್ಟು ಟನ್ ಸಾಗಿತು, ಎಷ್ಟು ತಾಸು ಹಿಡಿಯಿತು, ಒಂದು ವಾರದ ನಂತರ ಎಷ್ಟು ಉಳಿಯಿತು.

ಮಂಗಳದ ಮೇಲೆ ಇಳಿಯುವುದರಲ್ಲಿ ಪುಣೆಗೆ ನೇರ ಸಂಬಂಧವಿದೆ. ನಾರಾಯಣಗಾಂವದ ಹತ್ತಿರ ಖೋಡದದಲ್ಲಿ 45 ಮೀಟರ್ ಅಗಲದ ಮೂವತ್ತು ಬುಟ್ಟಿಗಳ ಜಿಎಂಆರ್‌ಟಿ ದೂರದರ್ಶಕವಿದೆಯಲ್ಲ, 2016ರ ಅಕ್ಟೋಬರ್ 19ರಂದು ಯುರೋಪಿನ ಶಿಯಾಪರೆಲ್ಲಿ ಎಂಬ ನೌಕೆ ಮಂಗಳದಲ್ಲಿ ಇಳಿಯುವಾಗ ಅದರ ಕ್ಷೀಣ ರೇಡಿಯೋ ಸಂಕೇತವನ್ನು ಭೂಮಿಯಿಂದ ನೇರವಾಗಿ ಹಿಡಿದದ್ದು ಇದೇ. ಪ್ಯಾರಾಶೂಟ್ ಬಿಚ್ಚಿದ ಮೇಲೆ ಸಂಕೇತ ಬರುತ್ತಲೇ ಇತ್ತು, ನೆಲ ಮುಟ್ಟುವ ಮೊದಲೇ ನಿಂತಿತು. ಕಾರಣ ಆಮೇಲೆ ಸಿಕ್ಕಿತು: ನೌಕೆಯ ತಿರುಗುವಿಕೆ ಅಳೆಯುವ ಉಪಕರಣ ಸುಮಾರು ಒಂದು ಸೆಕೆಂಡು ತನ್ನ ಗರಿಷ್ಠ ಅಂಕಿಯಲ್ಲೇ ಸಿಕ್ಕಿಬಿತ್ತು, ಅದನ್ನು ನಂಬಿದ ಕಂಪ್ಯೂಟರ್ ತಾನು ನೆಲಕ್ಕಿಂತ ಕೆಳಗಿದ್ದೇನೆ ಎಂದು ಲೆಕ್ಕ ಹಾಕಿತು. ಪ್ಯಾರಾಶೂಟ್ ಕಳಚಿತು, ಎಂಜಿನ್ ಮೂರೇ ಸೆಕೆಂಡು ಉರಿದು ಆರಿತು. 3.7 ಕಿಲೋಮೀಟರ್ ಎತ್ತರದಿಂದ ನೌಕೆ ಬಿತ್ತು.

ಇದುವರೆಗೆ ಅಲ್ಲಿಳಿದ ಅತಿ ಭಾರದ ವಾಹನ ನಾಸಾದ ರೋವರ್ ಪರ್ಸಿವಿಯರೆನ್ಸ್, 1,025 ಕಿಲೋ. ಅದಕ್ಕೇ 21.5 ಮೀಟರ್ ಅಗಲದ ಪ್ಯಾರಾಶೂಟ್ ಬೇಕಾಯಿತು. ಮಂಗಳದ ಗಾಳಿಯ ಒತ್ತಡ ನಮ್ಮದರ ಶೇಕಡಾ ಒಂದಕ್ಕಿಂತ ಕಡಿಮೆ. ನೂರು ಟನ್ನಿಗೆ ಪ್ಯಾರಾಶೂಟ್ ಎಂಬ ಮಾತೇ ಇಲ್ಲ. ಹೊಟ್ಟೆ ಕೊಟ್ಟು ಗಾಳಿಯಲ್ಲಿ ಉಜ್ಜಿ ಬಹುಪಾಲು ವೇಗ ಕಳೆದು, ಉಳಿದದ್ದನ್ನು ಧ್ವನಿಗಿಂತ ವೇಗದಲ್ಲಿರುವಾಗಲೇ ಎಂಜಿನ್ ಹೊತ್ತಿಸಿ ತಡೆಯಬೇಕು. ಫಾಲ್ಕನ್ನಿನ ಆ ಇಪ್ಪತ್ತು ಸೆಕೆಂಡು ಬೆಲೆ ಬಾಳುವುದು ಇಲ್ಲಿ.

ಹಿಂದಿರುಗಲು 1,200 ಟನ್ ಇಂಧನ ಅಲ್ಲಿಯೇ ತಯಾರಾಗಬೇಕು: 260 ಟನ್ ಮೀಥೇನ್, 940 ಟನ್ ಆಮ್ಲಜನಕ. ನೀರನ್ನು ವಿದ್ಯುತ್ತಿನಿಂದ ಒಡೆದು ಹೈಡ್ರೋಜನ್ ತೆಗೆದು, ಅದನ್ನು ಗಾಳಿಯ ಇಂಗಾಲದ ಡೈಆಕ್ಸೈಡಿನೊಂದಿಗೆ ಸಬಾಟಿಯೇ ಕ್ರಿಯೆಯಲ್ಲಿ ಸೇರಿಸಬೇಕು. ಅಷ್ಟು ಮೀಥೇನಿಗೆ 585 ಟನ್ ನೀರು, 715 ಟನ್ ಇಂಗಾಲದ ಡೈಆಕ್ಸೈಡ್ ಹೋಗುತ್ತದೆ, ಜೊತೆಗೆ 1,040 ಟನ್ ಆಮ್ಲಜನಕ ಸಿಗುತ್ತದೆ. ರಸಾಯನದ ಪ್ರಕಾರ ಕನಿಷ್ಠ ಶಕ್ತಿ ಸುಮಾರು 4,000 ಮೆಗಾವ್ಯಾಟ್-ತಾಸು. ಯಂತ್ರಗಳ ನಷ್ಟ, ದ್ರವಕ್ಕಿಳಿಸುವ ಖರ್ಚು ಸೇರಿಸಿ ಇಮ್ಮಡಿ ಹಿಡಿದರೆ, 500 ದಿನಗಳಲ್ಲಿ ಮುಗಿಸಲು ಹಗಲೂ ರಾತ್ರಿ ಸುಮಾರು 670 ಕಿಲೋವ್ಯಾಟ್. ಅಲ್ಲಿಯ ಬಿಸಿಲು ನಮ್ಮದರ ಶೇಕಡಾ 43, ಧೂಳಿನ ಬಿರುಗಾಳಿ ಬೇರೆ. ಸೌರಫಲಕ ಹಾಸಿದರೆ ಒಂದೂವರೆ ಕ್ರಿಕೆಟ್ ಮೈದಾನದಷ್ಟು ಜಾಗ ಬೇಕು. ಪರ್ಸಿವಿಯರೆನ್ಸ್ ಮೇಲಿದ್ದ ಮಾಕ್ಸಿ ಎಂಬ ಪೆಟ್ಟಿಗೆ ಹದಿನಾರು ಸಲ ನಡೆದು ಒಟ್ಟು 122 ಗ್ರಾಂ ಆಮ್ಲಜನಕ ಮಾಡಿತು, ಅತಿ ಹೆಚ್ಚೆಂದರೆ ತಾಸಿಗೆ 12 ಗ್ರಾಂ. ಬೇಕಾದದ್ದು ತಾಸಿಗೆ 78 ಕಿಲೋ. ಮಂಜುಗಡ್ಡೆ ಅಗೆಯುವ ಯಂತ್ರವಂತೂ ಅಲ್ಲಿ ಇನ್ನೂ ಒಂದು ಚಮಚವನ್ನೂ ಅಗೆದು ಕರಗಿಸಿಲ್ಲ. ಮನುಷ್ಯರನ್ನು ಕಳಿಸುವ ಮುಂಚೆ ಈ ಕಾರ್ಖಾನೆ ತಾನೇ ನಡೆದು ಟ್ಯಾಂಕ್ ತುಂಬಿರಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ, ಇದಕ್ಕಿಂತ ಕಡಿಮೆಗೆ ಒಪ್ಪಬಾರದು.

ವಿಕಿರಣದ ಲೆಕ್ಕ ಚಿಕ್ಕದು. ನಾಸಾದ ಇನ್ನೊಂದು ರೋವರ್ ಕ್ಯೂರಿಯಾಸಿಟಿ ಅಳೆದದ್ದು ಪ್ರಯಾಣದಲ್ಲಿ ದಿನಕ್ಕೆ 1.8 ಮಿಲಿಸೀವರ್ಟ್, ನೆಲದ ಮೇಲೆ ಸುಮಾರು 0.67. ಹೋಗಿಬರಲು 360 ದಿನ, ಅಲ್ಲಿ 500 ದಿನ ಎಂದರೆ ಒಟ್ಟು ಸಾವಿರದ ಹತ್ತಿರ. ನಾಸಾ ಒಬ್ಬ ಗಗನಯಾತ್ರಿಗೆ ಇಡೀ ವೃತ್ತಿಜೀವನಕ್ಕೆ ಇಟ್ಟ ಮಿತಿ 600. ಬೇಗ ತಲುಪುವುದೇ ಮುಖ್ಯ ಉಪಾಯ, ಬೇಗ ತಲುಪಲು ಹೆಚ್ಚು ಇಂಧನ ಬೇಕು, ಅಂದರೆ ಮತ್ತೆ ಟ್ಯಾಂಕರುಗಳ ಲೆಕ್ಕಕ್ಕೇ ಬಂದೆವು.

ಹೊರಡುವ ಕಿಂಡಿಗಳನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ: 2026ರ ನವೆಂಬರ್-ಡಿಸೆಂಬರ್, ಆಮೇಲೆ 2028ರ ಕೊನೆ-2029ರ ಆರಂಭ, ನಂತರ 2031. ಮೊದಲನೆಯದಕ್ಕೆ ನಾಸಾದ ಎಸ್ಕಪೇಡ್ ಜೋಡಿ ನೌಕೆ ಈಗಾಗಲೇ ಬಾಹ್ಯಾಕಾಶದಲ್ಲಿದೆ. 2025ರ ನವೆಂಬರ್ 13ರಂದು ಅದನ್ನು ಹೊತ್ತ ಬ್ಲೂ ಒರಿಜಿನ್ ಕಂಪನಿಯ ನ್ಯೂ ಗ್ಲೆನ್ ರಾಕೆಟ್, ತನ್ನ ಎರಡನೇ ಹಾರಾಟದಲ್ಲೇ ಬೂಸ್ಟರನ್ನು ಹಡಗಿನ ಮೇಲೆ ನಿಲ್ಲಿಸಿತು. ಕಿಂಡಿ ತೆರೆಯುವ ತನಕ ಕಾದು, ಭೂಮಿಯ ಹತ್ತಿರ ಬಂದು ಸೆಳೆತದ ನೆರವಿನಿಂದ ಮಂಗಳದ ಕಡೆ ಹೋಗುವ ದಾರಿ ಅದರದು. ಇದೇ ದಾರಿ ಚೆನ್ನಾಗಿ ನಡೆದರೆ ಕಿಂಡಿಯ ಹೊರಗೂ ಉಡಾವಣೆ ಮಾಡಬಹುದು.

ಕಿಂಡಿ ತೆರೆದ ಎರಡು-ಮೂರು ತಿಂಗಳಿಗೆ ಮಂಗಳ ನಮಗೆ ಹತ್ತಿರ ಬರುತ್ತದೆ, ಈ ಸಲ 2027ರ ಫೆಬ್ರವರಿ 19ರ ಸುಮಾರಿಗೆ, ಸಿಂಹ ರಾಶಿಯಲ್ಲಿ. ದೂರ ಸುಮಾರು 10 ಕೋಟಿ ಕಿ.ಮೀ., ಬಿಂಬ 14 ಆರ್ಕ್‌ಸೆಕೆಂಡಿಗೂ ತುಸು ಕಡಿಮೆ. ಮಳೆಗಾಲ ಮುಗಿದ ಕಾಲವಾದ್ದರಿಂದ ಮುಂಬಯಿ, ಪುಣೆ, ಗೋವಾ ಎಲ್ಲಿದ್ದರೂ ಆಕಾಶ ತೆರೆದಿರುತ್ತದೆ. ಗ್ರಹ ನೋಡಲು ಕತ್ತಲಿನ ಹಳ್ಳಿಗೆ ಹೋಗುವ ಅಗತ್ಯವಿಲ್ಲ, ಸೊಸೈಟಿಯ ಟೆರೇಸೇ ಸಾಕು. ಆರು ಇಂಚಿನ ದೂರದರ್ಶಕಕ್ಕೆ 150 ಪಟ್ಟು ವರ್ಧನೆ ಹಾಕಿ. ದೂರದರ್ಶಕವನ್ನು ಒಂದು ತಾಸು ಮೊದಲೇ ಹೊರಗಿಡಿ, ಕಾಂಕ್ರೀಟು ಹಗಲಿನ ಕಾವು ಬಿಟ್ಟು ಮುಗಿಸುವವರೆಗೆ ಕಾದು ರಾತ್ರಿ ಹನ್ನೊಂದರ ನಂತರ ನೋಡಿ. ಆಗ ಉತ್ತರ ಧ್ರುವ ನಮ್ಮ ಕಡೆಗೆ ವಾಲಿರುತ್ತದೆ, ಬಿಂಬದ ಅಂಚಿನಲ್ಲಿ ಹಿಮದ ಬಿಳಿ ಟೋಪಿಯನ್ನು ಹುಡುಕಿ.